ಬಿಸಿನೀರಿನ ಪಿಎಚ್ 7ಕ್ಕಿಂತ ಇಳಿದರೆ ಅದು ಆಮ್ಲವೇ?

ಪ್ರಶ್ನೆ: ನಾನು ಮಂಡ್ಯದಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದೇನೆ. ಶುದ್ಧ ನೀರಿನ ಪಿಎಚ್ 7, ಅದಕ್ಕೇ ಅದು ತಟಸ್ಥ ಎಂದು ಹೈಸ್ಕೂಲಿನಿಂದಲೂ ಓದಿಕೊಂಡು ಬಂದಿದ್ದೇವೆ. ಆದರೆ 100 ಡಿಗ್ರಿಯಲ್ಲಿ ಶುದ್ಧ ನೀರಿನ ಪಿಎಚ್ ಸುಮಾರು 6.1 ಎಂದು ಒಂದು ಪಟ್ಟಿಯಲ್ಲಿ ನೋಡಿದೆ. ಹಾಗಾದರೆ ಕಾಯಿಸಿದ ನೀರು ಆಮ್ಲವಾಗುತ್ತದೆಯೇ? ಲ್ಯಾಬಿನಲ್ಲಿ ಡಿಸ್ಟಿಲ್ಡ್ ವಾಟರ್ ಅಳೆದು ನೋಡೋಣವೆಂದರೆ, ಕಾಯಿಸುವ ಮೊದಲೇ ಮೀಟರ್ 5.8 ತೋರಿಸಿತು. ಮೀಟರ್ ಕೆಟ್ಟಿದೆ ಎಂದರು. ನಮ್ಮಜ್ಜಿ ದಿನಾ ಬೆಳಿಗ್ಗೆ ಒಂದು ಲೋಟ ಬಿಸಿನೀರು ಕುಡಿಯುತ್ತಾರೆ. ಅವರು ಕುಡಿಯುತ್ತಿರುವುದು ಆಮ್ಲವೇ?

ಉತ್ತರ: ಮೊದಲು ಅಜ್ಜಿಗೆ ಸಮಾಧಾನ ಹೇಳಿಬಿಡಿ. ಅವರು ಕುಡಿಯುತ್ತಿರುವುದು ಆಮ್ಲವಲ್ಲ. ಅವರ ಲೋಟದ ನೀರಿನ ವಿಷಯಕ್ಕೆ ಆಮೇಲೆ ಬರುತ್ತೇನೆ, ಯಾಕೆಂದರೆ ಅದು ಪಟ್ಟಿಯಲ್ಲಿರುವ ನೀರಿಗಿಂತ ಬೇರೆಯೇ ದಾರಿ ಹಿಡಿಯುತ್ತದೆ. ನೀವು ನೋಡಿದ ಪಟ್ಟಿ ಸರಿಯಾಗಿದೆ. ಮೀಟರೂ ಬಹುಶಃ ಸರಿಯಾಗಿಯೇ ಇತ್ತು. ಅರ್ಧಕ್ಕೆ ನಿಂತಿರುವುದು "7 ಎಂದರೆ ತಟಸ್ಥ" ಎಂದು ನಾವು ಮೇಷ್ಟರುಗಳು ನೋಟ್ಸಿನಲ್ಲಿ ಬರೆಸುವ ಸಾಲು. "25 ಡಿಗ್ರಿ ಸೆಲ್ಸಿಯಸ್‌ನಲ್ಲಿ" ಎಂಬುದನ್ನು ಅದರ ಜೊತೆಗೇ ಬರೆಸಿದ್ದರೆ ನಿಮಗೆ ಈ ಗೊಂದಲವೇ ಇರುತ್ತಿರಲಿಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮೈಸೂರಿನಲ್ಲಿ ರಸಾಯನಶಾಸ್ತ್ರ ಕಲಿಸಿದವನಾಗಿ ಹೇಳುತ್ತೇನೆ, ಪ್ರತಿ ವರ್ಷ ಇದೇ ಜಾಗದಲ್ಲಿ ಒಳ್ಳೊಳ್ಳೆಯ ಹುಡುಗರೂ ಎಡವುತ್ತಾರೆ.

ತಟಸ್ಥ ಎಂದರೇನು ಎಂಬಲ್ಲಿಂದ ಶುರು ಮಾಡೋಣ. ನೀರಿನಲ್ಲಿ ಒಂದು ಅಣು ತನ್ನ ಪ್ರೋಟಾನನ್ನು ಪಕ್ಕದ ಅಣುವಿಗೆ ದಾಟಿಸುತ್ತದೆ. ಪಡೆದದ್ದು ಧನ ಅಯಾನು, ಅಂದರೆ ಧನ ವಿದ್ಯುದಾವೇಶ ಹೊತ್ತ ಕಣ. ಅದನ್ನೇ ನಾವು ಚಿಕ್ಕದಾಗಿ ಹೈಡ್ರೋಜನ್ ಅಯಾನು ಎನ್ನುತ್ತೇವೆ. ಕೊಟ್ಟದ್ದು ಹೈಡ್ರಾಕ್ಸೈಡ್ ಅಯಾನು. ಒಂದು ಹುಟ್ಟದೆ ಇನ್ನೊಂದು ಹುಟ್ಟುವುದಿಲ್ಲ. ನಮ್ಮ ಕಡೆ ಆಷಾಢ ಬಂದರೆ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳು ತವರಿಗೆ ಹೋಗುತ್ತಾರಲ್ಲ, ಅದನ್ನು ನೆನೆಸಿಕೊಳ್ಳಿ. ಊರಿನಲ್ಲಿ ಆ ವರ್ಷ ಹತ್ತು ಮದುವೆಯಾಗಿದ್ದರೆ ಹತ್ತು ಜನ ಗಂಡಂದಿರು ಒಂಟಿ, ಹತ್ತು ಜನ ಹೆಂಡಿರು ತವರಿನಲ್ಲಿ. ಎಂಬತ್ತು ಮದುವೆಯಾಗಿದ್ದರೆ ಎಂಬತ್ತು, ಎಂಬತ್ತು. ಸಂಖ್ಯೆ ಎಷ್ಟೇ ಏರಲಿ, ಎರಡೂ ಕಡೆಯ ಲೆಕ್ಕ ಸಮವಾಗಿಯೇ ಇರುತ್ತದೆ. ನೀರಿನಲ್ಲಿ ಹೀಗೆ ಬೇರೆಯಾದ ಅಯಾನು ಯಾವ ಜೊತೆಗಾರ ಸಿಕ್ಕಿದರೂ ಕೂಡಿಕೊಳ್ಳುತ್ತದೆ, ಹೋಲಿಕೆ ಅಲ್ಲಿಗೆ ನಿಲ್ಲುತ್ತದೆ. ಆದರೆ ಲೆಕ್ಕ ಮಾತ್ರ ಇದೇ. ಹೈಡ್ರೋಜನ್ ಅಯಾನು ಹೆಚ್ಚಿದ್ದರೆ ಆಮ್ಲ, ಹೈಡ್ರಾಕ್ಸೈಡ್ ಹೆಚ್ಚಿದ್ದರೆ ಕ್ಷಾರ, ಎರಡೂ ಸಮವಿದ್ದರೆ ತಟಸ್ಥ. ಈ ಮಾತಿನಲ್ಲಿ 7 ಎಂಬ ಅಂಕೆಯೇ ಇಲ್ಲ ಎಂಬುದನ್ನು ಗಮನಿಸಿ.

ಅಂಕೆ ಬರುವುದು ಪಿಎಚ್‌ನಿಂದ. ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ ಸೋರೆನ್‌ಸೆನ್ 1909ರಲ್ಲಿ ಈ ಅಳತೆ ತಂದರು. ಪಿಎಚ್ ಎಣಿಸುವುದು ಹೈಡ್ರೋಜನ್ ಅಯಾನನ್ನು ಮಾತ್ರ. ಗಂಡಂದಿರನ್ನು ಎಣಿಸಿ ಹೆಂಡಿರನ್ನು ಬಿಟ್ಟ ಹಾಗೆ. ಜೊತೆಗೆ ಅದು ಉಲ್ಟಾ ಲೆಕ್ಕ: ಅಯಾನು ಹತ್ತು ಪಟ್ಟು ಹೆಚ್ಚಾದರೆ ಪಿಎಚ್ ಒಂದು ಇಳಿಯುತ್ತದೆ. 25 ಡಿಗ್ರಿಯಲ್ಲಿ ಒಂದು ಲೀಟರ್ ಶುದ್ಧ ನೀರಿನಲ್ಲಿ ಹೈಡ್ರೋಜನ್ ಅಯಾನು ಒಂದು ಮೋಲಿನ (ಡಜನ್ ಇದ್ದ ಹಾಗೆ, ಕಣಗಳನ್ನು ಎಣಿಸುವ ಒಂದು ದೊಡ್ಡ ಲೆಕ್ಕ) ಕೋಟಿಯಲ್ಲೊಂದು ಪಾಲು ಇರುತ್ತದೆ, ಅಂದರೆ 10ರ ಮೈನಸ್ 7ನೇ ಘಾತ. ಆ ಏಳೇ ಪಿಎಚ್‌ನ ಏಳು. ನೀರಿಗೆ 25 ಡಿಗ್ರಿಯ ಮೇಲೆ ವಿಶೇಷ ಪ್ರೀತಿಯೇನಿಲ್ಲ. ಲ್ಯಾಬಿನವರು ಅಳತೆಗಳನ್ನು ಒಂದಕ್ಕೊಂದು ಹೋಲಿಸಲು ಒಪ್ಪಿಕೊಂಡ ಉಷ್ಣತೆ ಅದು.

ಆ ಪ್ರಮಾಣ ಎಷ್ಟು ಕಡಿಮೆ ಎಂದು ಒಮ್ಮೆ ಕಣ್ಮುಂದೆ ತಂದುಕೊಳ್ಳಿ. ಒಂದು ಲೀಟರಿನಲ್ಲಿ ನೀರು ಸುಮಾರು 55.5 ಮೋಲ್ ಇದೆ. ಭಾಗಿಸಿದರೆ, 55 ಕೋಟಿ ಅಣುಗಳಿಗೆ ಒಂದರಂತೆ ಬೇರೆಯಾಗಿರುತ್ತದೆ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ. ಇಂಥ ಒಂಬತ್ತು ಕರ್ನಾಟಕಗಳನ್ನು ಒಟ್ಟು ಸೇರಿಸಿ, ಅಷ್ಟೂ ಜನರಲ್ಲಿ ಒಬ್ಬರನ್ನು ಹುಡುಕಿದಂತೆ. ಅದೇ ನೀರನ್ನು 100 ಡಿಗ್ರಿಗೆ ಕಾಯಿಸಿದರೆ ಏಳು ಕೋಟಿ ಚಿಲ್ಲರೆಗೆ ಒಂದು. ಈಗ ಒಂದು ಕರ್ನಾಟಕದ ಜನ, ಇನ್ನೊಂದಷ್ಟು ಸೇರಿಸಿದರೆ ಸಾಕು. ಅಯಾನುಗಳು ಏಳು ಪಟ್ಟಿಗಿಂತ ಹೆಚ್ಚಾದವು. ಹೈಡ್ರೋಜನ್ ಅಯಾನೂ ಏಳು ಪಟ್ಟು, ಹೈಡ್ರಾಕ್ಸೈಡೂ ಏಳು ಪಟ್ಟು. ಪಿಎಚ್ ಮೊದಲನೆಯದನ್ನು ಮಾತ್ರ ನೋಡುವುದರಿಂದ 7ರಿಂದ 6.13ಕ್ಕೆ ಇಳಿಯಿತು. ನೀರು ಮಾತ್ರ ಮೊದಲಿನಷ್ಟೇ ತಟಸ್ಥ.

ಕಾಯಿಸಿದರೆ ಯಾಕೆ ಹೆಚ್ಚಬೇಕು? ಇದರ ಉತ್ತರವನ್ನು ನೀವು ಈಗಾಗಲೇ ಕೈಯಾರೆ ಮುಟ್ಟಿ ನೋಡಿರುತ್ತೀರಿ. ಪಿಯು ಲ್ಯಾಬಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಕಾಸ್ಟಿಕ್ ಸೋಡಾ ದ್ರಾವಣ ಸುರಿದಾಗ ಬೀಕರ್ ಬೆಚ್ಚಗಾಗುತ್ತದಲ್ಲ, ಅಲ್ಲಿ ನಡೆಯುವುದು ಹೈಡ್ರೋಜನ್ ಅಯಾನು ಮತ್ತು ಹೈಡ್ರಾಕ್ಸೈಡ್ ಕೂಡಿ ನೀರಾಗುವ ಕ್ರಿಯೆ. ಮೋಲ್ ಒಂದಕ್ಕೆ ಸುಮಾರು 56 ಕಿಲೋಜೂಲ್ ಶಾಖ ಹೊರಬರುತ್ತದೆ. ಕೂಡುವಾಗ ಶಾಖ ಕೊಡುವುದು, ಬೇರೆಯಾಗುವಾಗ ಅಷ್ಟೇ ಶಾಖ ಕೇಳುತ್ತದೆ. ಹೊರಗಿನಿಂದ ಶಾಖ ಒದಗಿಸಿದರೆ ಸಮತೋಲನ ಶಾಖ ಹೀರುವ ಕಡೆಗೆ ವಾಲುತ್ತದೆ, ಅಂದರೆ ಬೇರೆಯಾಗುವ ಕಡೆಗೆ. ನಿಮ್ಮ ಪುಸ್ತಕದಲ್ಲಿ ಲೆ ಶಾಟೆಲಿಯರ್ ತತ್ವ ಎಂದಿರುವುದು ಇದೇ. ಮಕ್ಕಳು ಆ ಅಧ್ಯಾಯವನ್ನೂ ಬಾಯಿಪಾಠ ಮಾಡುತ್ತಾರೆ, "ನೀರಿನ ಪಿಎಚ್ 7" ಎಂಬುದನ್ನೂ ಬಾಯಿಪಾಠ ಮಾಡುತ್ತಾರೆ. ಎರಡೂ ಒಂದೇ ಬೀಕರಿನೊಳಗಿವೆ ಎಂದು ಯಾರೂ ಕೈಹಿಡಿದು ತೋರಿಸುವುದಿಲ್ಲ. ನನಗೆ ಅದು ಇಂದಿಗೂ ನೋವಿನ ಸಂಗತಿ.

ಹಾಗಾಗಿ ತಟಸ್ಥ ಬಿಂದು ಒಂದು ಕಡೆ ಬೇರು ಬಿಟ್ಟು ನಿಂತ ಕಂಬವಲ್ಲ. ಶೂನ್ಯ ಡಿಗ್ರಿಯಲ್ಲಿ ಅದು 7.47, 10 ಡಿಗ್ರಿಯಲ್ಲಿ 7.27, 20ರಲ್ಲಿ 7.08, 30ರಲ್ಲಿ 6.92, 40ರಲ್ಲಿ 6.77, 60ರಲ್ಲಿ 6.51. ಲ್ಯಾಬ್ ಬಿಟ್ಟು ಊರಿಗೇ ಬನ್ನಿ. ಜನವರಿಯ ಬೆಳಗಿನ ಜಾವ ಮೈಸೂರಿನಲ್ಲಿ 15 ಡಿಗ್ರಿ ಇದ್ದರೆ ಆಗ ತಟಸ್ಥ ಎಂದರೆ 7.17. ಏಪ್ರಿಲ್‌ನ ಮಧ್ಯಾಹ್ನ 35 ಡಿಗ್ರಿ ಏರಿದರೆ 6.84. ಒಲೆ ಹಚ್ಚುವುದೇ ಬೇಡ, ಬರೀ ಋತು ಬದಲಾದರೆ ಸಾಕು, ಕಪಾಟಿನಲ್ಲಿಟ್ಟ ಶುದ್ಧ ನೀರಿನ ಪಿಎಚ್ ಸುಮಾರು 0.3ರಷ್ಟು ಓಡಾಡುತ್ತದೆ. ನಮ್ಮ ಮೈಯೊಳಗೂ ಇದೇ ಲೆಕ್ಕ. 37 ಡಿಗ್ರಿಯಲ್ಲಿ ತಟಸ್ಥ ಬಿಂದು 6.81. ರಕ್ತದ ಪಿಎಚ್ 7.35ರಿಂದ 7.45. ಏಳರಿಂದ ಅಳೆದಾಗ ಕಾಣುವುದಕ್ಕಿಂತ ರಕ್ತ ನಿಜದಲ್ಲಿ ಹೆಚ್ಚು ಕ್ಷಾರದ ಕಡೆಗಿದೆ.

ಇನ್ನೊಂದು ಮಾತು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಇಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿ ಮುಟ್ಟುವುದೇ ಇಲ್ಲ, 97ರ ಆಸುಪಾಸಿನಲ್ಲೇ ಕುದಿಯುತ್ತದೆ. ಆದ್ದರಿಂದ ಪಟ್ಟಿಯ 6.13 ನಮ್ಮ ಒಲೆಯ ಮೇಲೆ ಸಿಗುವುದಿಲ್ಲ, 6.15ರ ಹತ್ತಿರ ನಿಲ್ಲುತ್ತದೆ. ಒತ್ತಡದಲ್ಲಿ ಇನ್ನೂ ಕಾಯಿಸುತ್ತ ಹೋದರೆ ಪಿಎಚ್ ಇಳಿಯುತ್ತಲೇ ಹೋಗಿ, 250 ಡಿಗ್ರಿಯ ಸುಮಾರಿಗೆ 5.6ರ ಹತ್ತಿರ ತಳ ಮುಟ್ಟಿ, ಮತ್ತೆ ಏರತೊಡಗುತ್ತದೆ. ಅಷ್ಟು ಬಿಸಿಯಲ್ಲಿ ನೀರು ಹಿಗ್ಗಿ ತೆಳುವಾಗುತ್ತದೆ, ಅಯಾನುಗಳನ್ನು ಸುತ್ತುವರಿದು ಬೇರೆಯಾಗಿ ಹಿಡಿದಿಡುವ ಶಕ್ತಿ ಕುಗ್ಗುತ್ತದೆ. ಅದು ವಿದ್ಯುತ್ ಸ್ಥಾವರದ ಬಾಯ್ಲರ್ ನೋಡಿಕೊಳ್ಳುವವರ ಚಿಂತೆ, ನಮಗೆ ಇಷ್ಟು ಸಾಕು.

ಈಗ ನಿಮ್ಮ ಲ್ಯಾಬಿನ 5.8. ಇದು ಬೇರೆಯೇ ಕಥೆ, ಎರಡನ್ನೂ ಬೆರೆಸಬೇಡಿ. ಡಿಸ್ಟಿಲ್ಡ್ ವಾಟರ್ ಕ್ಯಾನಿನ ಮುಚ್ಚಳ ತೆಗೆದ ಕ್ಷಣದಿಂದ ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಲು ಶುರುಮಾಡುತ್ತದೆ. ಕರಗಿದ ಅನಿಲ ಕಾರ್ಬಾನಿಕ್ ಆಮ್ಲವಾಗುತ್ತದೆ. ಬಯಲಿಗಿಟ್ಟ ಶುದ್ಧ ನೀರು ಕೊನೆಗೆ ಬಂದು ನಿಲ್ಲುವುದು 5.6ರ ಸುಮಾರಿಗೆ. ನಿಮ್ಮ ಮೀಟರ್ 5.8 ತೋರಿಸಿದರೆ ಅದು ಕಂಡದ್ದನ್ನೇ ಹೇಳಿದೆ. ಸರಿಯಾಗಿ 7.00 ತೋರಿಸಿದ್ದರೆ ನಾನು ಅನುಮಾನ ಪಡುತ್ತಿದ್ದೆ.

ಎರಡು ಅಂಕೆಗಳನ್ನು ಪಕ್ಕಪಕ್ಕದಲ್ಲಿಡಿ. 25 ಡಿಗ್ರಿಯ ನಿಮ್ಮ 5.8ರ ನೀರಿನಲ್ಲಿ ಹೈಡ್ರೋಜನ್ ಅಯಾನು ಹೈಡ್ರಾಕ್ಸೈಡಿಗಿಂತ ಸುಮಾರು 250 ಪಟ್ಟು ಹೆಚ್ಚು. ಅದು ನಿಜವಾದ ಆಮ್ಲೀಯತೆ, ದುರ್ಬಲವಾದರೂ ನಿಜ. 100 ಡಿಗ್ರಿಯ ಶುದ್ಧ ನೀರಿನ 6.13ರಲ್ಲಿ ಎರಡೂ ಒಂದಕ್ಕೊಂದು ಸಮ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ. 60 ಡಿಗ್ರಿಯ ಬಿಸಿನೀರು ಮೀಟರಿನಲ್ಲಿ ಮುದ್ದಾಗಿ 7.0 ತೋರಿಸಿತು ಅನ್ನಿ. ತಟಸ್ಥ ಎಂದು ಬರೆದುಕೊಂಡರೆ ತಪ್ಪು. ಅಲ್ಲಿ ಹೈಡ್ರಾಕ್ಸೈಡ್ ಹೆಚ್ಚುಕಡಿಮೆ ಹತ್ತು ಪಟ್ಟು ಹೆಚ್ಚಿದೆ, ಅದು ಕ್ಷಾರ. ಪರೀಕ್ಷೆಯಲ್ಲಿ ಈ ಪ್ರಶ್ನೆ ಕೇಳಬೇಕೆಂದು ನನಗೆ ಬಹಳ ಆಸೆಯಿತ್ತು.

ಮೀಟರ್ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಅದರ ಜೊತೆ ಉಷ್ಣತೆ ನೋಡುವ ಒಂದು ಕಡ್ಡಿ ಬರುತ್ತದೆ, ಮೀಟರ್ ತಾನೇ ಉಷ್ಣತೆಗೆ ತಕ್ಕಂತೆ ಸರಿಮಾಡಿಕೊಳ್ಳುತ್ತದೆ ಎಂದು ಡಬ್ಬಿಯ ಮೇಲೂ ಬರೆದಿರುತ್ತದೆ. ಹಾಗಾಗಿ ತೋರಿಸಿದ್ದು 25 ಡಿಗ್ರಿಯ ಪಿಎಚ್ ಎಂದು ಎಷ್ಟೋ ಜನ ನಂಬಿದ್ದಾರೆ. ಅದು ಸರಿಮಾಡುವುದು ಎಲೆಕ್ಟ್ರೋಡಿನ, ಅಂದರೆ ಪಿಎಚ್ ಅಳೆಯಲು ದ್ರಾವಣಕ್ಕೆ ಅದ್ದುವ ಕಡ್ಡಿಯ, ಭಾಷೆಯನ್ನು ಮಾತ್ರ. ಒಂದು ಪಿಎಚ್ ವ್ಯತ್ಯಾಸಕ್ಕೆ ಗಾಜಿನ ಎಲೆಕ್ಟ್ರೋಡ್ 25 ಡಿಗ್ರಿಯಲ್ಲಿ 59.2 ಮಿಲಿವೋಲ್ಟ್ ಕೊಡುತ್ತದೆ, 60 ಡಿಗ್ರಿಯಲ್ಲಿ 66.1. ಈ ಹೆಚ್ಚುಕಡಿಮೆಯನ್ನು ಮೀಟರ್ ಸರಿದೂಗಿಸುತ್ತದೆ. ಬಿಸಿಯಾದಾಗ ನೀರೇ ಬದಲಾಗಿದೆಯಲ್ಲ, ಅದನ್ನು ಹಿಂದಕ್ಕೆ ತಿರುಗಿಸುವುದಿಲ್ಲ, ತಿರುಗಿಸಲೂಬಾರದು. ಅಷ್ಟಕ್ಕೂ 7ರ ಆಸುಪಾಸಿನಲ್ಲಿ ಈ ತಿದ್ದುಪಡಿ ತೀರಾ ಸಣ್ಣದು. 60 ಡಿಗ್ರಿಯ 6.5ನ್ನು ತಿದ್ದುಪಡಿ ಇಲ್ಲದೆ ಓದಿದರೂ 6.44 ಬರುತ್ತದೆ, ಅಷ್ಟೇ.

ನನಗೆ ಈ ಪಾಠ ದಕ್ಕಿದ್ದು ತಡವಾಗಿ. ಮೇಷ್ಟರ ಕೆಲಸ ಸಿಗುವ ಮೊದಲು ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಸ್ವಲ್ಪ ಕಾಲ ಇದ್ದೆ. ಶೀಟಿನ ಮಾಡು, ಬೇಸಿಗೆ, ಒಳಗೆ 35 ಡಿಗ್ರಿ. ಬೋರಾಕ್ಸ್ ಬಫರ್ (ಮೀಟರ್ ಸರಿಯಿದೆಯೇ ಎಂದು ನೋಡಲು ಬಳಸುವ, ಪಿಎಚ್ ಮೊದಲೇ ಗೊತ್ತಿರುವ ದ್ರಾವಣ) ಬಾಟಲಿಯ ಮೇಲೆ 9.18 ಎಂದು ದಪ್ಪಕ್ಷರದಲ್ಲಿತ್ತು, ಮೀಟರ್ 9.10 ತೋರಿಸುತ್ತಿತ್ತು. ಬಫರ್ ಹಾಳಾಗಿದೆ ಎಂದು ಎರಡು ಬಾಟಲಿ ಸಿಂಕಿಗೆ ಸುರಿದೆ. ಮೂರನೆಯದನ್ನು ಸುರಿಯಲು ಎತ್ತಿಕೊಂಡಾಗ ಲೇಬಲ್ಲಿನ ಕೆಳಗೆ ಸಣ್ಣಕ್ಷರದ ಪಟ್ಟಿ ಕಣ್ಣಿಗೆ ಬಿತ್ತು: 25 ಡಿಗ್ರಿಗೆ 9.18, 35ಕ್ಕೆ 9.10, 40ಕ್ಕೆ 9.07. ಬಫರೂ ಸರಿಯಿತ್ತು, ಮೀಟರೂ ಸರಿಯಿತ್ತು. ಆ ದಿನದಿಂದ ಉಷ್ಣತೆ ಬರೆಯದ ಪಿಎಚ್ ಅಂಕೆಯನ್ನು ನಾನು ಒಪ್ಪಿಕೊಂಡಿಲ್ಲ, ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕದಲ್ಲೂ ಒಪ್ಪಿಕೊಂಡಿಲ್ಲ.

ಮಂಡ್ಯದವರಾದ ನಿಮಗೆ ಹತ್ತಿರದ ಒಂದು ಜಾಗ ಆಲೆಮನೆ. ಈಗ ಹಿಂಡಿದ ಕಬ್ಬಿನ ಹಾಲಿನ ಪಿಎಚ್ 5ರ ಮೇಲೆ ಸ್ವಲ್ಪ, ಅಂದರೆ ತುಸು ಆಮ್ಲ. ಅದನ್ನು ಹಾಗೆಯೇ ಕೊಪ್ಪರಿಗೆಯಲ್ಲಿ ಕುದಿಸಿದರೆ ಆಮ್ಲ ಮತ್ತು ಬಿಸಿ ಎರಡೂ ಸೇರಿ ಸಕ್ಕರೆಯ ಒಂದು ಪಾಲನ್ನು ಒಡೆದುಹಾಕುತ್ತವೆ, ಬೆಲ್ಲ ಗಟ್ಟಿಯಾಗಿ ಕೂರುವುದಿಲ್ಲ. ಅದಕ್ಕೇ ಸುಣ್ಣದ ತಿಳಿ ಹಾಕುವುದು, ಮಡ್ಡಿ ಎತ್ತಲು ಬೆಂಡೆಯ ಲೋಳೆ ಬಿಡುವುದು. ಸುಣ್ಣ ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಪಳಗಿದ ಕೈ ನೊರೆಯ ಬಣ್ಣ ನೋಡಿಯೇ ಸಾಕು ಎನ್ನುತ್ತದೆ. ಆದರೆ ಈಗ ಕೆಲವರು ಜೇಬಿನಲ್ಲಿಡುವ ಪಿಎಚ್ ಮೀಟರ್ ತಂದು ಬಿಸಿ ಹಾಲಿಗೇ ಅದ್ದುತ್ತಾರೆ. ಆ ಅಂಕೆಯನ್ನು ತಣ್ಣಗಿನ ಹಾಲಿನ ಅಂಕೆಯೊಂದಿಗೆ ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಯಾಕೆಂದರೆ ಉಷ್ಣತೆ ಎಲ್ಲ ದ್ರಾವಣಗಳನ್ನೂ ಒಂದೇ ಸಮನೆ ಎಳೆಯುವುದಿಲ್ಲ. ಹೈಡ್ರೋಕ್ಲೋರಿಕ್ ಆಮ್ಲವನ್ನು ಪಿಎಚ್ 3 ಬರುವಷ್ಟು ತೆಳು ಮಾಡಿ 60 ಡಿಗ್ರಿಗೆ ಕಾಯಿಸಿ. ಅದು 3ರಲ್ಲೇ ನಿಲ್ಲುತ್ತದೆ. ಅಲ್ಲಿನ ಹೈಡ್ರೋಜನ್ ಅಯಾನೆಲ್ಲ ಆಮ್ಲದಿಂದ ಬಂದದ್ದು, ನೀರು ಕೊಡುವುದು ಲೆಕ್ಕಕ್ಕೇ ಬರುವುದಿಲ್ಲ. 25 ಡಿಗ್ರಿಯಲ್ಲಿ 11 ತೋರಿಸುವ ಕಾಸ್ಟಿಕ್ ಸೋಡಾ ದ್ರಾವಣವನ್ನು ಅಷ್ಟೇ ಕಾಯಿಸಿ. ಅದು 10ಕ್ಕೆ ಇಳಿಯುತ್ತದೆ, ಪೂರ್ತಿ ಒಂದು ಘಟಕ! ಕ್ಷಾರದ ಪ್ರಮಾಣ ಕಡಿಮೆಯಾಗಿಲ್ಲ. ಹೈಡ್ರಾಕ್ಸೈಡ್ ಅಷ್ಟೇ ಇದೆ. ಆದರೆ ಎರಡೂ ಅಯಾನುಗಳನ್ನು ಗುಣಿಸಿದಾಗ ಬರುವ ಸಂಖ್ಯೆ ಬಿಸಿಯಲ್ಲಿ ಹತ್ತು ಪಟ್ಟು ಬೆಳೆದಿದೆ, ಅದಕ್ಕೆ ತಕ್ಕಂತೆ ಹೈಡ್ರೋಜನ್ ಅಯಾನು ಏರಬೇಕಾಯಿತು. ಸುಣ್ಣದ ತಿಳಿಯೂ ಹೀಗೆಯೇ, 25 ಡಿಗ್ರಿಯಲ್ಲಿ 12.45 ಇದ್ದದ್ದು 60ಕ್ಕೆ 11.45ರ ಹತ್ತಿರ ಬರುತ್ತದೆ. ಅದರಲ್ಲಿ, ಬಿಸಿಯಾದಷ್ಟೂ ಸುಣ್ಣ ಕಡಿಮೆ ಕರಗುವುದರ ಪಾಲೂ ಸ್ವಲ್ಪ ಇದೆ. ಆಲೆಮನೆಯವರಿಗೆ ನನ್ನ ಸಲಹೆ, ಒಂದು ಲೋಟ ಹಾಲು ಎತ್ತಿಟ್ಟು, ಕೈ ತಾಳುವಷ್ಟು ಆರಿಸಿ, ಪ್ರತಿ ಸಲವೂ ಅದೇ ಉಷ್ಣತೆಯಲ್ಲಿ ಅಳೆಯಿರಿ.

ಇನ್ನು ಅಜ್ಜಿಯ ಲೋಟ. ಅದು ಶುದ್ಧ ನೀರಲ್ಲ. ಕಾವೇರಿಯ ನಲ್ಲಿ ನೀರಿರಲಿ, ಕೊಳವೆಬಾವಿಯದಿರಲಿ, ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಬೈಕಾರ್ಬೊನೇಟ್ ಎಲ್ಲ ಇವೆ. ಕುಡಿಯುವ ನೀರಿನ ಭಾರತೀಯ ಮಾನಕ ಒಪ್ಪುವ ಪಿಎಚ್ 6.5ರಿಂದ 8.5. ಕುದಿಸಿದಾಗ ಕರಗಿದ್ದ ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ಬೈಕಾರ್ಬೊನೇಟ್ ಒಡೆದು ಕಾರ್ಬೊನೇಟ್ ಆಗುತ್ತದೆ. ನಿಮ್ಮ ಮನೆಯ ನೀರೊಲೆಯ ಹಂಡೆಯೊಳಗೆ ಕೈಯಾಡಿಸಿ ನೋಡಿ, ಉಗುರಿಗೆ ಸಿಗುವ ಬಿಳಿ ಹಕ್ಕಳೆ ಅದೇ, ಕ್ಯಾಲ್ಸಿಯಂ ಕಾರ್ಬೊನೇಟ್. ಹೀಗೆ ಆಮ್ಲದ ಭಾಗ ಹೊರಬಿದ್ದ ಮೇಲೆ, ಕುದಿಸಿ ಆರಿಸಿದ ನೀರು ಮೊದಲಿಗಿಂತ ತುಸು ಕ್ಷಾರದ ಕಡೆಗೇ ಸರಿದಿರುತ್ತದೆ. ಇನ್ನು ಅಜ್ಜಿಯ ಹೊಟ್ಟೆಯ ಜಠರರಸದ ಪಿಎಚ್ ಎರಡರ ಆಸುಪಾಸು. ಅದರ ಮುಂದೆ ಆರೂವರೆಯೂ ಒಂದೇ, ಎಂಟೂ ಒಂದೇ.

ನಿಮಗೆ ಕೈಯಾರೆ ನೋಡುವ ಆಸೆ ಇದೆ ಎಂದು ಪ್ರಶ್ನೆಯಲ್ಲೇ ಕಾಣುತ್ತದೆ, ಅದಕ್ಕೆ ದಾರಿ ಹೇಳುತ್ತೇನೆ. ಶುದ್ಧ ನೀರಿನ ಪಿಎಚ್ ಅಳೆಯುವುದು ರಸಾಯನಶಾಸ್ತ್ರದ ಕಷ್ಟದ ಕೆಲಸಗಳಲ್ಲೊಂದು. 1894ರಲ್ಲಿ ಜರ್ಮನಿಯ ಕೋಲ್ರಾಶ್ ಮತ್ತು ಹೈಡ್‌ವೈಲರ್ ನೀರು ತಾನೇ ಎಷ್ಟು ಅಯಾನಾಗುತ್ತದೆ ಎಂದು ವಿದ್ಯುದ್ವಾಹಕತೆಯಿಂದ ಕಂಡುಕೊಳ್ಳಲು ಒಂದೇ ನೀರನ್ನು 42 ಬಾರಿ ಭಟ್ಟಿ ಇಳಿಸಿದ್ದರು. ನಮಗೆ ಅಷ್ಟು ಬೇಡ. ಹೊಸ ಡಿಸ್ಟಿಲ್ಡ್ ವಾಟರನ್ನು ಶಂಕುವಿನಾಕಾರದ ಫ್ಲಾಸ್ಕಿನಲ್ಲಿ ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಒಳಗಿನ ಅನಿಲವೆಲ್ಲ ಹೋಗಲಿ. ಎಲೆಕ್ಟ್ರೋಡೂ ಥರ್ಮಾಮೀಟರೂ ಬಿಗಿಯಾಗಿ ಕೂರುವ ಎರಡು ತೂತಿನ ರಬ್ಬರ್ ಬಿರಡೆ ಸಿದ್ಧವಿಟ್ಟುಕೊಳ್ಳಿ. ಒಲೆಯಿಂದ ಇಳಿಸಿ 60 ಡಿಗ್ರಿಗೆ ಬಂದ ಕೂಡಲೇ ಬಿರಡೆ ಹಾಕಿ. ಎಲೆಕ್ಟ್ರೋಡ್ ಎಷ್ಟು ಬಿಸಿ ತಾಳುತ್ತದೆ ಎಂದು ಮೊದಲೇ ನೋಡಿಕೊಂಡಿರಿ. ಶುದ್ಧ ನೀರಿನಲ್ಲಿ ವಿದ್ಯುತ್ ಹರಿಯುವುದೇ ಕಷ್ಟವಾದ್ದರಿಂದ ಅಂಕೆ ತೇಲಾಡುತ್ತದೆ. ಅದಕ್ಕೆ 100 ಮಿಲಿಲೀಟರಿಗೆ ಐದಾರು ಹನಿಯಂತೆ ಎಲೆಕ್ಟ್ರೋಡಿಗೆ ತುಂಬುವ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣ ಬಿಡಿ. ಅದು ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ, ಅಂಕೆ ನಿಲ್ಲಲು ನೆರವಾಗುತ್ತದೆ.

ನೀರು ತಾನಾಗಿ ಆರುತ್ತ ಬರಲಿ. 60, 50, 40, 30 ಡಿಗ್ರಿ ದಾಟುವಾಗ ಪ್ರತಿ ಸಲವೂ ಅಂಕೆ ಸ್ಥಿರವಾಗುವವರೆಗೆ ಕಾದು, ಉಷ್ಣತೆ ಮತ್ತು ಪಿಎಚ್ ಎರಡನ್ನೂ ಬರೆದುಕೊಳ್ಳಿ. ಕೈ ಬಿಗಿಯಾಗಿದ್ದರೆ 6.5ರ ಹತ್ತಿರದಿಂದ ಏರುತ್ತ 6.9ರ ಕಡೆಗೆ ಬರುವುದು ಕಾಣುತ್ತದೆ. ಎರಡನೇ ಸ್ಥಾನದ ದಶಾಂಶಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಏರುವ ದಿಕ್ಕು ನೋಡಿ. ಕೊನೆಗೆ ಬಿರಡೆ ತೆಗೆದು, ಫ್ಲಾಸ್ಕನ್ನು ಗಾಳಿಗೆ ತೆರೆದು ಕಲಕುತ್ತ ಹೋಗಿ. ಉಷ್ಣತೆ ಅಲ್ಲಿಯೇ ಇರುತ್ತದೆ, ಪಿಎಚ್ ಮಾತ್ರ ನಿಮ್ಮ ಕಣ್ಣೆದುರೇ ಇಳಿಯತೊಡಗಿ, ಸ್ವಲ್ಪ ಹೊತ್ತಿಗೆ ಆ ಹಳೆಯ 5.8ರ ಹತ್ತಿರಕ್ಕೆ ಬಂದು ನಿಲ್ಲುತ್ತದೆ.